ಕಚೇರಿಯ ಗಣಕಕ್ಕೆ ಹಗುರ ಬ್ರೌಸರ್: ಆಯ್ಕೆಗೆ ಮುನ್ನ ತಿಳಿಯಬೇಕಾದ ವಿಚಾರಗಳು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಿಟರ್ನ್ ಸಲ್ಲಿಕೆ, ಇ-ವೇ ಬಿಲ್, ತೆರಿಗೆ ಪಾವತಿ, ಬ್ಯಾಂಕ್ ವ್ಯವಹಾರ ಮುಂತಾದವು ಬಹುಮಟ್ಟಿಗೆ ಬ್ರೌಸರ್ ಎಂಬ ಒಂದೇ ಬಾಗಿಲಿನ ಮೂಲಕ ನಡೆಯುತ್ತಿವೆ. ಆದರೂ ತಕ್ಕಡಿ ಕೊಳ್ಳುವಾಗ ತೋರುವ ಎಚ್ಚರವನ್ನು ವರ್ತಕ ಬಾಂಧವರು ಬ್ರೌಸರ್ ಆರಿಸುವಾಗ ತೋರುವುದು ಅಪರೂಪ. ಹಳೆಯ ಗಣಕಯಂತ್ರ ನಿಧಾನವಾಯಿತೆಂದು ಯಾವುದೋ ‘ಹಗುರ’ ಬ್ರೌಸರನ್ನು ಅಳವಡಿಸಿಕೊಳ್ಳುವವರಿದ್ದಾರೆ. ದೊಡ್ಡ ಬ್ರೌಸರ್‌ಗಳ ಒಳಗೆ ನಕಲು ತಡೆಯುವ ತಂತ್ರಾಂಶವಿದೆ ಎಂದು ಅಳುಕಿ ಬದಲಾಯಿಸುವವರೂ ಇದ್ದಾರೆ. ಈ ಎರಡು ಕಾರಣಗಳು ಬೇರೆ ಬೇರೆ. ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಕಲು ತಡೆ ಎಂದರೇನು?

ಚಲನಚಿತ್ರ, ಸಂಗೀತ ಮುಂತಾದವನ್ನು ಗೂಢಲಿಪಿಯಲ್ಲಿ ಕಳುಹಿಸಿ, ಅನುಮತಿ ಪಡೆದ ಯಂತ್ರದಲ್ಲಿ ಮಾತ್ರ ತೆರೆಯುವಂತೆ ಮಾಡುವ ವ್ಯವಸ್ಥೆಗೆ ಡಿಆರ್‌ಎಂ ಎನ್ನುತ್ತಾರೆ. ಬ್ರೌಸರ್‌ನಲ್ಲಿ ಇದಕ್ಕೆ ದಾರಿ ಮಾಡಿಕೊಡುವ ಇಎಂಇ ಎಂಬ ಮಾನದಂಡವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2017ರ ಸೆಪ್ಟೆಂಬರ್ 18ರಂದು ಅಂಗೀಕರಿಸಿತು. ಬೀಗ ತೆರೆಯುವ ಘಟಕ ಮಾತ್ರ ಆಯಾ ಕಂಪನಿಯ ಸ್ವತ್ತು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಗೂಗಲ್‌ನ ವೈಡ್‌ವೈನ್, ಸಫಾರಿಯಲ್ಲಿ ಆ್ಯಪಲ್‌ನ ಫೇರ್‌ಪ್ಲೇ ಇದೆ. ಮೈಕ್ರೋಸಾಫ್ಟ್‌ನ ಘಟಕದ ಹೆಸರು ಪ್ಲೇರೆಡಿ.

ಈ ಘಟಕದ ಮೂಲ ಸಂಕೇತವನ್ನು ಹೊರಗಿನವರು ಪರಿಶೀಲಿಸಲು ಬಿಡುವುದಿಲ್ಲವೆಂಬುದೇ ಮುಖ್ಯ ಆಕ್ಷೇಪ. ಅದರಲ್ಲಿನ ದೋಷವನ್ನು ಹುಡುಕಿ ಬಹಿರಂಗಪಡಿಸುವ ತಜ್ಞರಿಗೆ ಅಮೆರಿಕದ 1998ರ ಕಾಯ್ದೆಯಡಿ ಮೊಕದ್ದಮೆಯ ಭಯವಿದೆ. ಅಂಥವರಿಗೆ ರಕ್ಷಣೆ ನೀಡಬೇಕೆಂಬ ಬೇಡಿಕೆ ಈಡೇರದ ಕಾರಣ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಅದೇ ದಿನ ಕನ್ಸಾರ್ಷಿಯಂನ ಸದಸ್ಯತ್ವ ತ್ಯಜಿಸಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ತಡೆಯನ್ನು ಭೇದಿಸಿದರೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಲ್ಲಿ ‘ಉದ್ದೇಶ’ ಎಂಬ ಪದ ಗಮನಾರ್ಹ. ಘಟಕವನ್ನು ಬಳಸದೆ ಇರುವುದು ಅಥವಾ ನಿಷ್ಕ್ರಿಯಗೊಳಿಸುವುದು ತಡೆಯನ್ನು ಭೇದಿಸಿದಂತಲ್ಲ. ಅದು ಅಪರಾಧವೂ ಅಲ್ಲ.

ವರ್ತಕರಿಗೆ ಇದರ ಅಗತ್ಯವಿದೆಯೇ?

ಸಾಮಾನ್ಯ ಕಚೇರಿ ಕೆಲಸಕ್ಕೆ ಇಲ್ಲ. ತೆರಿಗೆ ಪೋರ್ಟಲ್, ಬ್ಯಾಂಕ್ ಜಾಲತಾಣ, ಇ-ಮೇಲ್ ಇವಾವುವೂ ಡಿಆರ್‌ಎಂ ಅನ್ನು ಅವಲಂಬಿಸಿಲ್ಲ. ಅದು ಬೇಕಾಗುವುದು ಮುಖ್ಯವಾಗಿ ಹಣ ಕೊಟ್ಟು ನೋಡುವ ಚಲನಚಿತ್ರ ಸೇವೆಗಳಿಗೆ. ಡಿಜಿಟಲ್ ಸಹಿಯ ಟೋಕನ್ನನ್ನು ಇದರೊಂದಿಗೆ ಬೆರೆಸಬಾರದು. ಎರಡರಲ್ಲೂ ಗೂಢಲಿಪಿಯ ತಂತ್ರವಿದ್ದರೂ, ಸಹಿಯು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ, ಡಿಆರ್‌ಎಂ ಕೃತಿಯ ಒಡೆಯನ ಪರವಾಗಿ ಕಾವಲು ಕಾಯುತ್ತದೆ. ಮೊದಲನೆಯದು ಕಚೇರಿಗೆ ಅನಿವಾರ್ಯ, ಎರಡನೆಯದು ಅಲ್ಲ.

ಹಾಗೆಂದು ಗಣಕ ನಿಧಾನವಾಗಲು ಡಿಆರ್‌ಎಂ ಕಾರಣವೆಂದು ಭಾವಿಸುವುದೂ ಸರಿಯಲ್ಲ. ರಕ್ಷಿತ ವಿಡಿಯೋ ತೆರೆದಾಗ ಮಾತ್ರ ಆ ಘಟಕ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಸ್ಮರಣೆಯನ್ನು ನುಂಗುವುದು ಒಟ್ಟಿಗೆ ತೆರೆದಿಟ್ಟ ಹತ್ತಾರು ಟ್ಯಾಬ್‌ಗಳು, ಜಾಹೀರಾತುಗಳು, ಅನಗತ್ಯ ಎಕ್ಸ್‌ಟೆನ್ಷನ್‌ಗಳು. ಅವನ್ನು ತೆಗೆದರೆ ಬ್ರೌಸರ್ ಬದಲಿಸದೆಯೂ ಎಷ್ಟೋ ಭಾರ ಇಳಿಯುತ್ತದೆ.

ಹಗುರ ಬ್ರೌಸರ್‌ನ ಲಾಭ-ನಷ್ಟ

ಹಗುರ ಬ್ರೌಸರ್‌ಗಳಲ್ಲೆಲ್ಲ ಒಂದೇ ಗುಣವಿಲ್ಲ. ಪೇಲ್ ಮೂನ್ ತನ್ನ ನೀತಿಯಂತೆ ಡಿಆರ್‌ಎಂ ಅನ್ನು ಒಳಗೊಂಡಿಲ್ಲ. ಫಾಲ್ಕನ್ ಕ್ರೋಮಿಯಂ ಆಧಾರಿತ ಎಂಜಿನ್ ಬಳಸುತ್ತದೆ. 1999ರಲ್ಲಿ ಆರಂಭವಾದ ಡಿಲ್ಲೊ ಅತ್ಯಂತ ಹಗುರ. ಆದರೆ ಜಾವಾಸ್ಕ್ರಿಪ್ಟ್ ಅದರಲ್ಲಿಲ್ಲ, ಆದ್ದರಿಂದ ತೆರಿಗೆ ಪೋರ್ಟಲ್‌ಗೆ ಉಪಯೋಗವಿಲ್ಲ. ಡಿಲ್ಲೊದ 2015ರ ಆವೃತ್ತಿಯ ನಂತರದ ಮುಖ್ಯ ಆವೃತ್ತಿ ಹೊರಬಂದದ್ದು 2024ರಲ್ಲಿ. ಕೆಲವೇ ಸ್ವಯಂಸೇವಕರು ನಡೆಸುವ ಯೋಜನೆಗಳಲ್ಲಿ ಇಂತಹ ಅಂತರ ಅಸಹಜವಲ್ಲ. ಹಣದ ವ್ಯವಹಾರ ಮಾಡುವ ಬ್ರೌಸರ್‌ಗೆ ಸುರಕ್ಷಾ ತಿದ್ದುಪಡಿ ತಡವಾದರೆ ಅದರ ಬೆಲೆಯನ್ನು ತೆರುವವರು ನಾವೇ. ಉಚಿತವಾಗಿ ದೊರೆತ ತಂತ್ರಾಂಶಕ್ಕೂ ವೆಚ್ಚವಿದೆ. ಅದು ಖರೀದಿ ಖಾತೆಯಲ್ಲಿ ಕಾಣುವುದಿಲ್ಲ, ಅಷ್ಟೆ.

ಆಯ್ಕೆಗೆ ಐದು ಪರೀಕ್ಷೆಗಳು

1. ಕಳೆದ ಎರಡು ತಿಂಗಳಲ್ಲಿ ಸುರಕ್ಷಾ ತಿದ್ದುಪಡಿ ಬಂದಿದೆಯೇ? ಬಂದಿಲ್ಲವಾದರೆ ಬ್ಯಾಂಕ್ ವ್ಯವಹಾರಕ್ಕೆ ಅದನ್ನು ಬಳಸಬಾರದು.

2. ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಬೆಂಬಲವಿದೆಯೇ? ವಿಂಡೋಸ್ 7ಕ್ಕೆ ಕ್ರೋಮ್‌ನ ಹೊಸ ಆವೃತ್ತಿಗಳು 2023ರ ಆರಂಭದಲ್ಲಿ ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬುನಾದಿಯೇ ಹಳತಾದಾಗ ಹಗುರ ಬ್ರೌಸರ್ ಪೂರ್ಣ ರಕ್ಷಣೆ ನೀಡಲಾರದು.

3. ಪೋರ್ಟಲ್ ಪ್ರವೇಶ, ಚಲನ್ ಸೃಷ್ಟಿ, ಡಿಜಿಟಲ್ ಸಹಿ ಇವು ಮೂರೂ ಅದರಲ್ಲಿ ನಡೆಯುತ್ತವೆಯೇ? ರಿಟರ್ನ್ ಸಲ್ಲಿಕೆಯ ಕೊನೆಯ ದಿನಕ್ಕೆ ಬಹಳ ಮುಂಚೆಯೇ ಇದನ್ನು ಪರೀಕ್ಷಿಸಬೇಕು.

4. ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಂಡಿದ್ದೀರಾ? ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ ಪ್ರತಿಯನ್ನು ನಂಬಬಾರದು.

5. ಡಿಆರ್‌ಎಂ ಬೇಡವೆಂದರೆ ಅದನ್ನು ನಿಲ್ಲಿಸುವ ಅವಕಾಶವಿದೆಯೇ? ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ನಿಯಂತ್ರಿತ ಸಾಮಗ್ರಿಯನ್ನು ನುಡಿಸುವ ಆಯ್ಕೆಯ ಗುರುತನ್ನು ತೆಗೆದರೆ ಸಾಕು.

ಸಾರಾಂಶ

ನಗದು ಪೆಟ್ಟಿಗೆಯನ್ನೂ ಚಿಲ್ಲರೆ ಡಬ್ಬಿಯನ್ನೂ ನಾವು ಬೇರೆ ಬೇರೆ ಇಡುತ್ತೇವೆ. ಅದೇ ರೀತಿ ತೆರಿಗೆ ಮತ್ತು ಬ್ಯಾಂಕ್ ಕೆಲಸಕ್ಕೆ ನಿಯಮಿತವಾಗಿ ತಿದ್ದುಪಡಿಯಾಗುವ ಒಂದು ಪ್ರಮುಖ ಬ್ರೌಸರನ್ನು, ಎಕ್ಸ್‌ಟೆನ್ಷನ್‌ಗಳಿಲ್ಲದೆ ಮೀಸಲಿಡುವುದು ಒಳಿತು. ಅದರಲ್ಲಿ ಡಿಆರ್‌ಎಂ ನಿಲ್ಲಿಸಲು ಅವಕಾಶವಿದ್ದರೆ ನಿಲ್ಲಿಸಬಹುದು. ದರಪಟ್ಟಿ ನೋಡುವುದು, ಸುದ್ದಿ ಓದುವುದು ಮುಂತಾದ ಉಳಿದ ಕೆಲಸಕ್ಕೆ ಹಗುರ ಬ್ರೌಸರ್ ಇರಲಿ. ತತ್ತ್ವದ ಕಾರಣಕ್ಕೆ ಡಿಆರ್‌ಎಂ ಅನ್ನು ವಿರೋಧಿಸುವುದು ಗೌರವಾರ್ಹವೇ. ಆದರೆ ಆ ವಿರೋಧಕ್ಕಾಗಿ ವ್ಯಾಪಾರದ ಹಣವನ್ನು ಅಪಾಯಕ್ಕೆ ಒಡ್ಡಬೇಕಾದ ಅಗತ್ಯವಿಲ್ಲ.