ಹರೆಯದ ನಾಯಿ, ನಿದ್ದೆಗೆಟ್ಟ ರಾತ್ರಿ



ಗಡಿಯಾರ ನೋಡಿ ಸಮಯ ಬರೆಯುವುದನ್ನು ನೀವು ಆಗಲೇ ಕಲಿತಿದ್ದೀರಿ. ಈ ಪಾಠದಲ್ಲಿ ಆ ಕಲಿಕೆಗೆ ಒಂದು ಕೆಲಸ ಇದೆ. ರಾತ್ರಿ ಹೊತ್ತು ಮಾಡುವ ಕೆಲಸ!

ನಮ್ಮ ತಾಳವಾಡಿ ಸೀಮೆಯಲ್ಲಿ ನಾಯಿ ಇಲ್ಲದ ತೋಟದ ಮನೆ ಕಡಿಮೆ. ಕಾಡು ಹತ್ತಿರ. ಕಬ್ಬಿಗೆ, ಬಾಳೆಗೆ ಆನೆ ಬರುತ್ತೆ, ಹಂದಿ ಬರುತ್ತೆ. ಕೊಟ್ಟಿಗೆ ಹತ್ತಿರ ಚಿರತೆ ಸುಳಿಯುತ್ತೆ. ಕಾವಲಿಗೆ ಇರಲಿ ಅಂತ ಮರಿ ತಂದು ಸಾಕುತ್ತೇವೆ. ಮರಿ ಇದ್ದಾಗ ಎಲ್ಲರಿಗೂ ಮುದ್ದು. ಏಳೆಂಟು ತಿಂಗಳು ತುಂಬಿತು ಅನ್ನುವಾಗ ಅದೇ ಮರಿ ಬೇರೆ ಥರ ಆಡುತ್ತೆ. ರಾತ್ರಿಯೆಲ್ಲಾ ಬೊಗಳುತ್ತೆ, ಊಳಿಡುತ್ತೆ, ಬಾಗಿಲು ಕೆರೆಯುತ್ತೆ, ಹಗ್ಗ ಕಡಿದು ಓಡುತ್ತೆ. ಬೆಳಿಗ್ಗೆ ನೋಡಿದರೆ ಚಪ್ಪಲಿ ಒಂದೇ ಕಾಲಿನದು ಉಳಿದಿರುತ್ತೆ. ಆಮೇಲೆ ಪಕ್ಕದ ಮನೆಯವರು ಬರುತ್ತಾರೆ.

"ನಿಮ್ಮ ನಾಯಿ ಕಾಟಕ್ಕೆ ಮೂರು ದಿನದಿಂದ ನಿದ್ದೆ ಇಲ್ಲ ಕಣಪ್ಪ. ಮಗೀಗೆ ಬೇರೆ ಪರೀಕ್ಷೆ."

"ಏನ್ ಮಾಡಾದಕ್ಕಾ, ಹೊಡೆದ್ರೂ ಕೇಳಕ್ಕಿಲ್ಲ."

"ಎಲ್ಲಾದ್ರೂ ಬಿಟ್ಬುಡು. ಇಲ್ಲಾಂದ್ರೆ ಯಾರಾದ್ರೂ ಔಷಧಿ ಇಟ್ಬುಡ್ತಾರೆ. ಆಮೇಲೆ ನನ್ನ ಅನ್ಬೇಡ."

ಇಂಥ ಮಾತನ್ನು ನಿಮ್ಮ ಬೀದಿಯಲ್ಲೂ ನೀವು ಕೇಳಿರಬಹುದು. ಅಕ್ಕನ ಸಿಟ್ಟು ನಿಜವಾದದ್ದು. ನಾಯಿಯ ಕಷ್ಟವೂ ನಿಜವಾದದ್ದು.

ಎಂಟು ತಿಂಗಳ ನಾಯಿ ನೋಡೋಕೆ ದೊಡ್ಡದು. ಬುದ್ಧಿ ಇನ್ನೂ ಬಲಿತಿಲ್ಲ. ಸುಮಾರು 6 ತಿಂಗಳಿಂದ ಒಂದೂವರೆ ವರ್ಷದವರೆಗೆ ಅದಕ್ಕೆ ಹರೆಯದ ಕಾಲ. ಹತ್ತಿರದಲ್ಲಿ ಹೆಣ್ಣು ನಾಯಿ ಬೆದೆಗೆ ಬಂದರೆ ಗಂಡು ನಾಯಿಗೆ ದೂರದಿಂದಲೇ ವಾಸನೆ ಸಿಗುತ್ತೆ. ಬೆದೆ ಸುಮಾರು ಮೂರು ವಾರ ಇರುತ್ತೆ. ಅಷ್ಟು ದಿನವೂ ಅದು ಒಂದು ಕಡೆ ನಿಲ್ಲದು. ನಮ್ಮ ಕಿವಿಗೆ ಬೀಳದ ಸದ್ದೂ ನಾಯಿಗೆ ಕೇಳುತ್ತೆ. ಮರಿಯಾಗಿದ್ದಾಗ ಲೆಕ್ಕಕ್ಕಿಲ್ಲದ ಸದ್ದಿಗೆ ಈಗ ಎದ್ದು ನಿಲ್ಲುತ್ತೆ.

ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ಬೆಳಿಗ್ಗೆಯಿಂದ ಸಂಜೆತನಕ ನಾಯಿಯನ್ನು ಗೂಟಕ್ಕೆ ಕಟ್ಟಿ ಹೊಲಕ್ಕೆ ಹೋಗುತ್ತೇವೆ. ಅದು ಹಗಲೆಲ್ಲಾ ಮಲಗುತ್ತೆ. ನಾವು ದಣಿದು ಮಲಗುವ ಹೊತ್ತಿಗೆ ಅದರ ಮೈಯಲ್ಲಿ ಕಸುವು ತುಂಬಿರುತ್ತೆ. ಹಗಲು ಖರ್ಚಾಗದ ಕಸುವು ರಾತ್ರಿ ಖರ್ಚಾಗಲೇಬೇಕಲ್ಲ?

ಹೊಡೆಯುವುದಕ್ಕೆ ಮೊದಲು ಬರೆಯಿರಿ. ಹಳೇ ನೋಟ್‌ಬುಕ್ ಒಂದು ಸಾಕು. ಏಳು ರಾತ್ರಿ, ನಾಯಿ ಎಬ್ಬಿಸಿದಾಗೆಲ್ಲಾ ನಾಲ್ಕು ಸಂಗತಿ ಬರೆಯಿರಿ: ವಾರ, ಗಂಟೆ, ಏನಾಗಿತ್ತು, ನೀವು ಏನು ಮಾಡಿದಿರಿ. ಹೀಗೆ:

ಸೋಮವಾರ, 10.30. ಬೈಕ್ ಹೋಯಿತು. ಗದರಿದೆ.
ಮಂಗಳವಾರ, 2.00. ಏನೂ ಕಾಣಲಿಲ್ಲ. ಎದ್ದು ಹೋಗಿ ಅನ್ನ ಹಾಕಿದೆ, ಸುಮ್ಮನಾಯಿತು.
ಬುಧವಾರ, 2.00. ಏನೂ ಕಾಣಲಿಲ್ಲ. ಅನ್ನ ಹಾಕಿದೆ.
ಗುರುವಾರ, 1.45. ಏನೂ ಕಾಣಲಿಲ್ಲ. ಅನ್ನ ಹಾಕಿದೆ.

ಈಗ ಈ ಲೆಕ್ಕವನ್ನು ಓದಿ ನೋಡಿ. ಎರಡು ಗಂಟೆಗೆ ಕಳ್ಳನೂ ಇಲ್ಲ, ಹಂದಿಯೂ ಇಲ್ಲ. ಕೂಗಿದರೆ ಯಜಮಾನ ಅನ್ನ ತರುತ್ತಾನೆ ಅಂತ ನಾಯಿ ಕಲಿತುಬಿಟ್ಟಿದೆ. ಪಾಠ ಹೇಳಿಕೊಟ್ಟವರು ನಾವು! ಇದನ್ನು ಮರೆಸಬೇಕಾದರೆ ಆ ಅನ್ನ ನಿಲ್ಲಬೇಕು. ಮೊದಲ ಕೆಲವು ರಾತ್ರಿ ಕೂಗು ಇನ್ನೂ ಜೋರಾಗುತ್ತೆ. ಹೆದರಬೇಡಿ, ಮಧ್ಯದಲ್ಲಿ ಸೋತು ಅನ್ನ ಹಾಕಬೇಡಿ. ಹಾಕಿದರೆ, ಜೋರಾಗಿ ಕೂಗಿದರೇ ಸಿಗುತ್ತೆ ಅಂತ ಕಲಿಯುತ್ತೆ. ಆ ನಾಲ್ಕು ದಿನದ ವಿಷಯ ಪಕ್ಕದ ಮನೆ ಅಕ್ಕನಿಗೆ ಮೊದಲೇ ಹೇಳಿಬಿಡಿ. ಹೇಳಿ ಮಾಡಿದರೆ ಅರ್ಧ ಜಗಳ ಕಡಿಮೆ.

ಲೆಕ್ಕದಲ್ಲಿ ಬೇರೆ ಕಾರಣ ಕಂಡರೆ ಪರಿಹಾರವೂ ಬೇರೆ. ದಿನವೂ ಮೈ ಕೆರೆದುಕೊಂಡು ಏಳುತ್ತಿದ್ದರೆ ಉಣ್ಣೆ, ಚಿಗಟ ಇದೆಯಾ ಅಂತ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ನೋಡಿ. ರಸ್ತೆಯ ಬೈಕಿಗೆಲ್ಲಾ ಬೊಗಳಿದರೆ ರಸ್ತೆ ಕಾಣದ ಮಗ್ಗುಲಿಗೆ ಅದರ ಜಾಗ ಬದಲಿಸಿ. ಗಂಡು ನಾಯಿ ಹೆಣ್ಣನ್ನು ಹುಡುಕಿ ಅಲೆಯುತ್ತಿದ್ದರೆ ಸರ್ಕಾರಿ ಪಶು ವೈದ್ಯರ ಹತ್ತಿರ ಮರಿಯಾಗದ ಆಪರೇಶನ್ ಬಗ್ಗೆ ಕೇಳಿ. ಅದರಿಂದ ಅಲೆದಾಟ ಕಡಿಮೆಯಾಗುತ್ತೆ, ಬೊಗಳುವುದೆಲ್ಲಾ ನಿಲ್ಲುತ್ತೆ ಅನ್ನಲಾಗದು. ಎಲ್ಲದಕ್ಕೂ ಮೊದಲು, ಕತ್ತಲಾಗುವ ಮುಂಚೆ ಹಗ್ಗ ಹಿಡಿದು ಅರ್ಧ ಗಂಟೆಯಾದರೂ ನಾಯಿಯನ್ನು ನಡೆಸಿ. ಸಂಜೆ ಹೊಟ್ಟೆತುಂಬ ಹಾಕಿ. ಮಲಗುವ ಮುಂಚೆ ಒಂದು ಸಲ ಉಚ್ಚೆಗೆ ಹೊರಗೆ ಬಿಡಿ. ಮೂರೂ ದಿನಾ ಒಂದೇ ಹೊತ್ತಿಗೆ ಆಗಬೇಕು.

ಕಾಡಂಚಿನಲ್ಲಿರುವವರು ಇದನ್ನು ಎರಡು ಸಲ ಓದಿ. ರಾತ್ರಿ ಬಯಲಲ್ಲಿ ಕಟ್ಟಿದ ನಾಯಿ ಚಿರತೆಗೆ ಇಟ್ಟ ಊಟ. ಅದಕ್ಕೆ ಓಡುವುದಕ್ಕೂ ದಾರಿ ಇಲ್ಲ. ಕೊಟ್ಟಿಗೆಯ ಒಳಗೆ ಗೋಣಿಚೀಲ ಹಾಸಿ, ಬಾಗಿಲು ಹಾಕಿ ಮಲಗಿಸಿ. ಬಹಳ ನಾಯಿಗಳು ಒಳಗೆ ಮಲಗಿಸಿದ ಮೇಲೆ ತಾವಾಗೇ ಸುಮ್ಮನಾಗುತ್ತವೆ. ಹೊರಗೆ ಹೆದರಿ ಕೂಗುತ್ತಿದ್ದವು, ಅಷ್ಟೇ. ಒಳಗಿಂದ ಬೊಗಳಿದರೂ ನಿಮಗೆ ಕೇಳುತ್ತೆ, ಕಾವಲು ತಪ್ಪುವುದಿಲ್ಲ. ಇನ್ನು ನಾಯಿ ಬೊಗಳಿತು ಅಂತ ಟಾರ್ಚ್ ಹಿಡಿದು ಒಬ್ಬರೇ ಕಬ್ಬಿನೊಳಗೆ ಹೋಗಬೇಡಿ. ಆನೆ ಅಟ್ಟಿದರೆ ನಾಯಿ ಓಡಿ ಬರುವುದು ಯಜಮಾನನ ಕಾಲಬುಡಕ್ಕೇ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ನಾಯಿಯ ದನಿ ಬದಲಾದರೆ, ಜೊಲ್ಲು ಸುರಿದರೆ, ನೀರು ನುಂಗಲಾಗದಿದ್ದರೆ, ಕಂಡವರ ಮೇಲೆ ಬಿದ್ದರೆ ಅದು ಹರೆಯದ ಆಟ ಅಲ್ಲ. ಹುಚ್ಚುನಾಯಿ ರೋಗ ಇರಬಹುದು. ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ನಾಯಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ತಾರೀಕಿಗೆ. ಆ ಚೀಟಿ ಜೋಪಾನ.

ಇನ್ನು "ಔಷಧಿ ಇಡುವ" ಮಾತು. ವಿಷ ಇಟ್ಟ ತುಂಡನ್ನು ಯಾವ ನಾಯಿ ತಿನ್ನುತ್ತೆ ಅಂತ ಇಟ್ಟವನಿಗೂ ಗೊತ್ತಿಲ್ಲ. ಅಂಗಳದಲ್ಲಿ ಆಡುವ ಮಗು ಮುಟ್ಟಬಹುದು. ಸತ್ತ ನಾಯಿಯನ್ನು ತಿಂದ ಹದ್ದೂ ಸಾಯುತ್ತೆ. ಮೋಯಾರ್ ಕಣಿವೆಯಲ್ಲಿ ಉಳಿದಿರುವ ರಣಹದ್ದುಗಳಿಗೆ ಇದೂ ಒಂದು ಕುತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಗೆ ವಿಷವಿಟ್ಟವರಿಗೆ 5 ವರ್ಷದವರೆಗೆ ಜೈಲಾಗಬಹುದು. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಇದು ನಾಯಿ ಸಾಕಿದ ನಮಗೆ ಹೇಳಿದ ಮಾತು.

ಮಾಡಿ ನೋಡಿ

1. ನಿಮ್ಮ ನಾಯಿ ಹುಟ್ಟಿದ ತಿಂಗಳು ಯಾವುದು? ಈಗ ಅದಕ್ಕೆ ಎಷ್ಟು ತಿಂಗಳು? ಕೂಡಿ ಬರೆಯಿರಿ.

2. ಮೇಲಿನ ಲೆಕ್ಕದಲ್ಲಿ ಸೋಮವಾರದ ಕಾರಣಕ್ಕೂ ಮಂಗಳವಾರದ ಕಾರಣಕ್ಕೂ ಏನು ವ್ಯತ್ಯಾಸ? ಎರಡು ವಾಕ್ಯದಲ್ಲಿ ಹೇಳಿ.

3. ಈ ಪದಗಳನ್ನು ನೋಡಿ ಬರೆಯಿರಿ: ಬೊಗಳು, ಊಳಿಡು, ಬೆದೆ, ಉಣ್ಣೆ, ಚುಚ್ಚುಮದ್ದು.

4. ನಿಮ್ಮ ಮನೆಯ ಏಳು ರಾತ್ರಿಯ ಲೆಕ್ಕ ಬರೆದು ಮುಂದಿನ ತರಗತಿಗೆ ತನ್ನಿ. ನಾಯಿ ಇಲ್ಲದವರು ಪಕ್ಕದ ಮನೆಯ ನಾಯಿಯ ಲೆಕ್ಕ ಬರೆಯಬಹುದು. ಅದು ನಿಮಗೆ ಕೇಳಿಸಿಯೇ ಇರುತ್ತೆ.