ಕೈ ಏಕೆ ಏಳುತ್ತಿಲ್ಲ? ಮಿದುಳನ್ನೇ ಕೇಳೋಣ

ಮಕ್ಕಳೇ, ಮೊದಲು ಒಂದು ಕೆಲಸ ಮಾಡಿ. ಬಲಗೈಯ ಹೆಬ್ಬೆರಳಿಗೆ ಉಳಿದ ನಾಲ್ಕು ಬೆರಳುಗಳನ್ನು ಒಂದೊಂದಾಗಿ ತಾಗಿಸಿ. ಸುಲಭ, ಅಲ್ಲವೇ? ಈ ಕೆಲಸ ಮಾಡಿದ್ದು ಯಾರು? ಕೈ ಎನ್ನುತ್ತೀರಾ? ಕೈಗೆ ಅಪ್ಪಣೆ ಬಂದದ್ದು ನಿಮ್ಮ ಮಿದುಳಿನ ಎಡಭಾಗದಿಂದ! ಎಡಗೈಗೆ ಅಪ್ಪಣೆ ಕೊಡುವುದು ಬಲಭಾಗ.

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆ ‘ಲಕ್ವ ಹೊಡೆಯಿತು’ ಎಂಬ ಮಾತನ್ನು ಕೇಳಿರುತ್ತೀರಿ. ಇದೇ ಪಾರ್ಶ್ವವಾಯು. ನಿನ್ನೆಯವರೆಗೆ ಭತ್ತದ ಗದ್ದೆಗೆ ಹೋಗುತ್ತಿದ್ದ ತಾತನಿಗೆ ಇಂದು ಲೋಟ ಎತ್ತಲಾಗದು. ಕೈಯ ಮೂಳೆ ಮುರಿದಿಲ್ಲ, ಸ್ನಾಯು ಹರಿದಿಲ್ಲ. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡಿದೆ, ಇಲ್ಲವೇ ಒಡೆದಿದೆ. ರಕ್ತ ಸಿಗದ ಜೀವಕೋಶಗಳು ಸಾಯುತ್ತವೆ. ಅಪ್ಪಣೆ ಹೋಗುವ ದಾರಿ ಕಡಿದುಹೋಗುತ್ತದೆ. ಕೈಗೆ ಎಷ್ಟು ಎಣ್ಣೆ ತಿಕ್ಕಿದರೂ ಆ ದಾರಿ ತೆರೆಯದು.

ತಲೆಬುರುಡೆ ತೆರೆಯದೆ ಇದನ್ನು ನೋಡುವುದು ಹೇಗೆ? ಸಿ.ಟಿ. ಸ್ಕ್ಯಾನ್ ಕ್ಷ-ಕಿರಣಗಳಿಂದ ಚಿತ್ರ ತೆಗೆದು, ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು ಬೇಗ ತಿಳಿಸುತ್ತದೆ. ಎಂ.ಆರ್.ಐ. ಎಂಬುದು ಬಲವಾದ ಕಾಂತವುಳ್ಳ ಯಂತ್ರ. ರಕ್ತದಲ್ಲಿರುವ ಆಮ್ಲಜನಕ ಹೆಚ್ಚು ಕಡಿಮೆಯಾದರೆ ಇದರ ಚಿತ್ರವೂ ಬದಲಾಗುತ್ತದೆ ಎಂದು 1990ರಲ್ಲಿ ಜಪಾನಿನ ವಿಜ್ಞಾನಿ ಸೈಜಿ ಒಗಾವ ಮತ್ತು ಸಂಗಡಿಗರು ತೋರಿಸಿದರು. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆ. ಆದ್ದರಿಂದ ರೋಗಿ ಯಂತ್ರದೊಳಗೆ ಮಲಗಿ, ನೀವು ಈಗ ಮಾಡಿದಂತೆ ಬೆರಳು ಆಡಿಸಿದರೆ ಸಾಕು, ದುಡಿಯುವ ಭಾಗ ಚಿತ್ರದಲ್ಲಿ ಕೆಂಪು, ಹಳದಿಯಾಗಿ ಕಾಣುತ್ತದೆ. (ಮಿದುಳಿಗೆ ಆ ಬಣ್ಣವಿಲ್ಲ, ಅದು ಗಣಕಯಂತ್ರ ಬಳಿದದ್ದು!) ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಪರೀಕ್ಷೆ ಮಾಡುತ್ತಾರೆ.

ಈ ಚಿತ್ರಗಳು ಒಂದು ಅಚ್ಚರಿಯನ್ನು ತೋರಿಸಿದವು. ಲಕ್ವ ಹೊಡೆದ ಹೊಸದರಲ್ಲಿ, ಸೋತ ಕೈಯನ್ನು ಸ್ವಲ್ಪ ಆಡಿಸಲೂ ಮಿದುಳಿನ ಎರಡೂ ಭಾಗಗಳು ದುಡಿಯುತ್ತವೆ. ಚೆನ್ನಾಗಿ ಚೇತರಿಸಿಕೊಂಡವರಲ್ಲಿ, ತಿಂಗಳುಗಳು ಕಳೆದಂತೆ ಕೆಲಸ ಬಹುಮಟ್ಟಿಗೆ ಪೆಟ್ಟುಬಿದ್ದ ಬದಿಗೇ ಮರಳುತ್ತದೆ. ಸತ್ತ ಕೋಶಗಳು ಎದ್ದು ಬಂದವೇ? ಇಲ್ಲ, ಸುತ್ತ ಉಳಿದ ಕೋಶಗಳು ಅವುಗಳ ಕೆಲಸ ಕಲಿತವು. ತುಂಗಭದ್ರೆಯ ನೀರು ಬರುವ ಹೊಲಗಾಲುವೆ ಕುಸಿದರೆ ರೈತರು ಪಕ್ಕದಿಂದ ಬೇರೆ ದಾರಿ ಕಡಿಯುತ್ತಾರಲ್ಲವೇ? ಮೊದಲು ನೀರು ಅಲ್ಲಿ ಇಲ್ಲಿ ಚೆಲ್ಲುತ್ತದೆ. ಹರಿದು ಹರಿದು ದಾರಿ ಆಳವಾಗುತ್ತದೆ. ತಾತ ದಿನವೂ ಅದೇ ಲೋಟವನ್ನು ನೂರಾರು ಸಲ ಹಿಡಿದು ಬಿಡುವುದು ಇದಕ್ಕಾಗಿಯೇ. ಆದರೆ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಮುಖ್ಯ ನರತಂತುಗಳೇ ಬಹುಪಾಲು ನಾಶವಾಗಿದ್ದರೆ ಬೆರಳುಗಳು ಮರಳುವುದು ಕಷ್ಟ. ಅದನ್ನೂ ಎಂ.ಆರ್.ಐ. ತೋರಿಸುತ್ತದೆ.

ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿಸಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಸ್ಕ್ಯಾನ್ ಅದಕ್ಕೂ ಮೊದಲೇ ಆಗಬೇಕು. ಸಿರುಗುಪ್ಪದಿಂದ ಬಳ್ಳಾರಿಗೆ ಬರಲೂ ಹೊತ್ತು ಬೇಕಲ್ಲ! ‘ಯಾವಾಗ ಶುರುವಾಯಿತು?’ ಎಂದು ವೈದ್ಯರು ಕೇಳುತ್ತಾರೆ. ಗಡಿಯಾರ ನೋಡಿ ಆ ಹೊತ್ತನ್ನು ಬರೆದಿಟ್ಟುಕೊಳ್ಳುವುದು ನಿಮ್ಮ ಕೆಲಸ.