ಚಳಿಗಾಲದ ಬೆಟ್ಟದೇರಿಕೆ

ಸಂಕ್ರಾಂತಿಯ ರಜೆ ಬಂದಿತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ವಿದ್ಯಾರ್ಥಿಗಳ ಮನಸ್ಸು ಬೆಟ್ಟ ಗುಡ್ಡಗಳ ಕಡೆಗೆ ಹರಿಯುವುದು ಸಹಜವೇ ಆಗಿದೆ. ಬಿಸಿಲಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಹಗಲು ಹೊತ್ತು ಬಂಡೆಯ ಮೇಲೆ ನೆಮ್ಮದಿಯಿಂದ ಕುಳಿತುಕೊಳ್ಳಲು ಸಾಧ್ಯವಾಗುವುದು ವರ್ಷದಲ್ಲಿ ಎರಡು ತಿಂಗಳು ಮಾತ್ರ. ಕೋಯಿಲಕೊಂಡದ ದುರ್ಗವನ್ನಾಗಲಿ, ರಾಯಚೂರು, ಯಾದಗಿರಿಗಳ ಕೋಟೆಯ ಬೆಟ್ಟಗಳನ್ನಾಗಲಿ ಹತ್ತಿ ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಏರುವ ಉತ್ಸಾಹದೊಡನೆ ಏರಿಕೆಯ ತಿಳಿವಳಿಕೆಯೂ ಇರಬೇಕಾದುದು ಅವಶ್ಯವಾದುದರಿಂದ ಆ ವಿಷಯವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಮಕ್ಕಳೊಡನೆ ತಂದೆತಾಯಿಗಳೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

ಮೊದಲು ನಮ್ಮ ಕಾಲ ಕೆಳಗಿನ ಕಲ್ಲನ್ನು ತಿಳಿದುಕೊಳ್ಳೋಣ. ನಮ್ಮ ಸುತ್ತಲಿನ ಗುಡ್ಡಗಳು ಗ್ರಾನೈಟು ಶಿಲೆಯವು. ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ಹೊರಕ್ಕೆ ಬಾರದೆ ಒಳಗೇ ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದುದೇ ಗ್ರಾನೈಟು. ಇದಕ್ಕೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಇಲ್ಲಿಂದ ಉತ್ತರಕ್ಕೆ ವಿಕಾರಾಬಾದಿನ ಕಡೆಗೂ ವಾಯವ್ಯಕ್ಕೆ ಕಲಬುರಗಿಯ ಕಡೆಗೂ ಹೋದರೆ ಕಪ್ಪು ಕಲ್ಲು ಕಾಣಿಸುತ್ತದೆ. ಅದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸದಿಂದಾದುದು. ದಖನ್ನಿನ ಕಪ್ಪು ಎರೆಮಣ್ಣಿನ ಬಹುಭಾಗ ಆ ಕಲ್ಲು ಸವೆದು ಉಂಟಾದುದೇ. ಆದುದರಿಂದ ನಮಗೂ ಜ್ವಾಲಾಮುಖಿಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಡಿರಿ. ನಮ್ಮ ನೆರೆಯ ರೈತನು ಬಿತ್ತುವ ಹತ್ತಿ, ಜೋಳಗಳು ಆರಿದ ಬೆಂಕಿಯ ಮೇಲೆಯೇ ಬೆಳೆಯುತ್ತಿವೆ.

ತೆಲಂಗಾಣದ ಬಾಲಿಕೆಯೊಬ್ಬಳು ನಿಜವಾದ ಜ್ವಾಲಾಮುಖಿಯ ನೆತ್ತಿಯನ್ನೇ ಮುಟ್ಟಿ ಬಂದಿದ್ದಾಳೆ. ನಿಜಾಮಾಬಾದು ಜಿಲ್ಲೆಯ ಮಾಲಾವತ್ ಪೂರ್ಣಾ ಎಂಬವಳು ಭುವನಗಿರಿಯ ಏಕಶಿಲೆಯ ಬೆಟ್ಟದಲ್ಲಿ ಬಂಡೆ ಹತ್ತುವುದನ್ನು ಕಲಿತು, 2014ನೆಯ ಇಸವಿ ಮೇ 25ರಂದು, ಇನ್ನೂ 14 ವರ್ಷ ತುಂಬದಿರುವಾಗಲೇ, ಎವರೆಸ್ಟ್ ಶಿಖರವನ್ನು ಏರಿದಳು. 2016ರಲ್ಲಿ ಆಫ್ರಿಕಾದ ಕಿಲಿಮಂಜಾರೋವನ್ನು ಹತ್ತಿದಳು. 5895 ಮೀಟರು ಎತ್ತರದ ಈ ಪರ್ವತ ಒಂದು ಮಲಗಿರುವ ಜ್ವಾಲಾಮುಖಿ. ಅದರ ತುದಿಯಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಅರ್ಧದಷ್ಟೇ. ಪೂರ್ಣಾಳ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನಾವಾದರೋ ಭುವನಗಿರಿಯಲ್ಲಿ ಅವಳು ಹಗ್ಗ ಕಟ್ಟುವುದನ್ನು, ಇಳಿಯುವುದನ್ನು ಅಭ್ಯಾಸ ಮಾಡಿದ ದಿನಗಳನ್ನು ಹೆಚ್ಚು ಮೆಚ್ಚುತ್ತೇವೆ.

ಇನ್ನೊಂದು ಘಟನೆಯನ್ನು ದುಃಖದಿಂದ ನೆನೆಯಬೇಕಾಗಿದೆ. 2024ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕದ ಚಾರಣಿಗರೇ ಹೆಚ್ಚಾಗಿದ್ದ, ಮಾರ್ಗದರ್ಶಕರೂ ಸೇರಿ 22 ಜನರ ತಂಡವು ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರಗಳಿಗೆ ಹೊರಟಿತು. ಜೂನ್ 3ರಂದು ಮೇಲಿನಿಂದ ಬಿಡಾರಕ್ಕೆ ಮರಳುತ್ತಿರುವಾಗ ಹಿಮದ ಬಿರುಗಾಳಿ ಅವರನ್ನು ಮುಸುಕಿತು. ದಾರಿ ಕಾಣದಾಯಿತು. 9 ಮಂದಿ ಚಳಿಯಿಂದಲೇ ಪ್ರಾಣ ಬಿಟ್ಟರು. ಉಳಿದ 13 ಮಂದಿಯನ್ನು ರಕ್ಷಿಸಿ ತರಲಾಯಿತು. ಜೂನ್ ತಿಂಗಳೆಂದರೆ ನಮ್ಮಲ್ಲಿ ರೋಹಿಣಿ, ಮೃಗಶಿರಾ ಮಳೆಗಳನ್ನು ಕಾಯುವ ಬೇಸಗೆಯ ಕೊನೆ. ಅದೇ ದಿನ ಅಲ್ಲಿ ಮನುಷ್ಯರು ಚಳಿಗೆ ಸಾಯುವುದು ಹೇಗೆ?

ಇದಕ್ಕೆ ಉತ್ತರ ಸುಲಭವಾಗಿದೆ. ಸಾವಿರ ಮೀಟರು ಮೇಲೇರಿದಂತೆ ಉಷ್ಣಮಾನವು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗಾಳಿ ಬೀಸಿದರೆ ಮೈಯ ಸುತ್ತ ಕೂಡಿಕೊಂಡ ಬೆಚ್ಚನೆಯ ಪದರವು ಹಾರಿಹೋಗುತ್ತದೆ. ಬಟ್ಟೆ ನೆನೆದರೆ ಹಾನಿ ಇನ್ನೂ ಹೆಚ್ಚು. ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸಬಲ್ಲುದು. ಮೈಯ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅಪಾಯವು ಮೊದಲಾಯಿತೆಂದೇ ತಿಳಿಯತಕ್ಕದ್ದು. ಮೊದಲು ನಡುಕ ಹುಟ್ಟುತ್ತದೆ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಗುಂಡಿ ಹಾಕಿಕೊಳ್ಳಲು ಬೆರಳು ಬಾರದು. ಕಡೆಗೆ ನಡುಕವೂ ನಿಂತು ಬುದ್ಧಿ ಮಂಕಾಗುತ್ತದೆ. ನಡುಕ ನಿಂತಿತೆಂದು ಸಂತೋಷಪಡುವುದು ದೊಡ್ಡ ತಪ್ಪು. ತನಗೆ ಏನಾಗಿದೆಯೆಂಬುದು ಆ ಮನುಷ್ಯನಿಗೇ ತಿಳಿಯುವುದಿಲ್ಲವಾದುದರಿಂದ ಜೊತೆಯವರು ಅವನ ಮೇಲೆ ಕಣ್ಣಿಟ್ಟಿರಬೇಕು. ನೆನೆದ ಬಟ್ಟೆಯನ್ನು ತೆಗೆದು ಒಣಗಿದುದನ್ನು ಹೊದಿಸಿ, ಗಾಳಿಗೆ ಮರೆಮಾಡಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯವನ್ನು ಕೊಡಬೇಕು. ಕೈಕಾಲುಗಳನ್ನು ಉಜ್ಜಬಾರದು.

ಇಲ್ಲಿ ನೇಯ್ಗೆಯ ಊರಿನವರಾದ ನಮಗೆ ಒಂದು ವಿಶೇಷ ಪಾಠವುಂಟು. ನಾರಾಯಣಪೇಟೆಯ ಹತ್ತಿಯ ಸೀರೆ, ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿಸಿದ ಗದ್ವಾಲ ಸೀರೆ ಇವು ನಮ್ಮ ಹೆಮ್ಮೆ. ಬೆವರನ್ನು ಹೀರಿ ಮೈಯನ್ನು ತಂಪಾಗಿಡುವ ಗುಣವೇ ಬಿಸಿಲ ನಾಡಿನಲ್ಲಿ ಹತ್ತಿಗೆ ಮಾನ ತಂದುದು. ಹಿಮದ ನಾಡಿನಲ್ಲಿ ಆ ಗುಣವೇ ಶತ್ರುವಾಗುತ್ತದೆ. ಒದ್ದೆಯಾದ ಹತ್ತಿಯ ಎಳೆಗಳ ನಡುವಿನ ಗಾಳಿ ಹೊರಟುಹೋಗಿ ಬಟ್ಟೆಯು ತಣ್ಣಗೆ ಮೈಗಂಟಿಕೊಳ್ಳುತ್ತದೆ. ಉಣ್ಣೆಯ ಎಳೆ ಸುರುಳಿಯಾಗಿರುವುದರಿಂದ ನೆನೆದರೂ ಸ್ವಲ್ಪ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ನಮ್ಮ ಕುರುಬರು ಮಳೆಯಲ್ಲಿಯೂ ಹೆಗಲಿನಿಂದ ಕಂಬಳಿ ಇಳಿಸದಿರುವುದರ ಗುಟ್ಟು ಇದೇ. ಪರ್ವತಾರೋಹಣದ ಪುಸ್ತಕವನ್ನು ಓದದೆಯೇ ಅವರು ಇದನ್ನು ಅರಿತಿದ್ದಾರೆ. ಹಿಮಾಲಯಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಹತ್ತಿಯ ಅಂಗಿಗಳ ಮೂಟೆಯನ್ನು ಕಟ್ಟದಿರುವುದು ಒಳ್ಳೆಯದು.

ಹಿಮ ಮತ್ತು ಜ್ವಾಲಾಮುಖಿ ಎರಡೂ ಒಂದೆಡೆ ಕೂಡಿರುವ ಸ್ಥಳಗಳೂ ಉಂಟು. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತವು 1980ನೆಯ ಇಸವಿ ಮೇ 18ರಂದು ಸಿಡಿದು 57 ಮಂದಿಯನ್ನು ಬಲಿ ತೆಗೆದುಕೊಂಡಿತು. ಅದರ ಎತ್ತರವು ಸುಮಾರು 400 ಮೀಟರು ಕಡಿಮೆಯಾಗಿ ನಡುವೆ ದೊಡ್ಡ ಬಾಯಿ ಉಳಿಯಿತು. ಈಗ ಜನರು ಅನುಮತಿಪತ್ರ ಪಡೆದು ಚಳಿಗಾಲದಲ್ಲಿಯೂ ಅದನ್ನು ಹತ್ತುತ್ತಾರೆ. ಆ ಕಾಲದಲ್ಲಿ ಗಾಳಿಯು ಬಾಯಿಯ ಅಂಚಿನಿಂದಾಚೆಗೆ ಹಿಮವನ್ನು ಚಾಚಿ ಸೂರಿನಂತೆ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಅದು ಗಟ್ಟಿ ನೆಲವೆಂದೇ ತೋರುತ್ತದೆ. ಕೆಳಗೆ ಏನೂ ಇರುವುದಿಲ್ಲ. 2010ರ ಫೆಬ್ರುವರಿಯಲ್ಲಿ ಅನುಭವಿಯಾದ ಒಬ್ಬ ಆರೋಹಿ ಛಾಯಾಚಿತ್ರಕ್ಕಾಗಿ ಅಂಥ ಹಿಮದ ಸೂರಿನ ಮೇಲೆ ನಿಂತಾಗ ಅದು ಮುರಿದು, ಅವನು ಒಳಗೆ ಬಿದ್ದು ಮೃತನಾದನು.

ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ, ಆದರೆ ಛಾಯಾಚಿತ್ರದ ಹುಚ್ಚು ಇದೆ. ಗ್ರಾನೈಟು ಬಂಡೆಯು ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತದೆ. ಅಂಚಿನ ಹಾಳೆಯನ್ನು ತಟ್ಟಿದಾಗ ಟೊಳ್ಳಾದ ಸದ್ದು ಬಂದರೆ ಅದರ ಮೇಲೆ ಕಾಲಿಡಬಾರದು. ನೀರು ಒಸರಿ ಪಾಚಿ ಕಟ್ಟಿದ ಕಪ್ಪು ಗೆರೆಗಳು ಒಣಗಿದಂತೆ ಕಂಡರೂ ಜಾರಬಲ್ಲವು. ಕಡಿದಾದ ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿರುವುದುಂಟು. ಅದರ ಹತ್ತಿರ ಹೊಗೆ, ಕೂಗಾಟ, ಕಲ್ಲೆಸೆತ ಕೂಡದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ದಣಿದ ಮೊಣಕಾಲು, ಮುಂದಿನ ಹೆಜ್ಜೆ ಕಾಣದ ಇಳಿಜಾರು, ಇವೆರಡೂ ಇಳಿಯುವಾಗಲೇ ಕೂಡುತ್ತವೆ. ಪುಷ್ಯಮಾಸದಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲಾಗುವುದರಿಂದ ನಾಲ್ಕು ಗಂಟೆಗೆ, ತುದಿ ಮುಟ್ಟಿರಲಿ ಬಿಡಲಿ, ಹಿಂದಿರುಗತಕ್ಕದ್ದು. ಚಳಿಗಾಲವೆಂದು ನೀರನ್ನು ಮರೆಯುವವರು ಬಹಳ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಯಾವ ಮಾಸವೂ ಇಲ್ಲ.

ಕೊನೆಯದಾಗಿ ಹೆಸರು ಬರೆದಿಡುವ ವಿಷಯ. ಜಪಾನಿನ ಓಂತಾಕೆ ಜ್ವಾಲಾಮುಖಿಯು 2014ರ ಸೆಪ್ಟೆಂಬರ್ 27ರ ಶನಿವಾರ ಮಧ್ಯಾಹ್ನಕ್ಕೆ ಮುಂಚೆ, ನೂರಾರು ಜನರು ಶರತ್ಕಾಲದ ಎಲೆಗಳ ಬಣ್ಣ ನೋಡಲು ಏರಿದ್ದಾಗ, ಒಮ್ಮೆಲೇ ಸಿಡಿಯಿತು. ಸತ್ತವರೂ ಕಾಣೆಯಾದವರೂ ಸೇರಿ 63 ಮಂದಿ. ಕಲ್ಲಿನ ಮಳೆಯಲ್ಲಿ ಮೇಲಿನ ಗುಡಿಸಿಲುಗಳನ್ನು ಹೊಕ್ಕವರಲ್ಲಿ ಅನೇಕರು ಬದುಕಿಕೊಂಡರು. ಬಹಳ ಜನರು ಹೊರಡುವಾಗ ತಮ್ಮ ಹೆಸರನ್ನೂ ದಾರಿಯನ್ನೂ ಬರೆದುಕೊಟ್ಟಿರಲಿಲ್ಲವಾದುದರಿಂದ ಮೇಲೆ ಯಾರು ಯಾರಿದ್ದರೆಂಬುದನ್ನು ತಿಳಿಯುವುದೇ ಕಷ್ಟವಾಯಿತು. ಆಮೇಲೆ ಅಲ್ಲಿನ ನಾಗಾನೋ ಪ್ರಾಂತದವರು ಇಂಥ ಬೆಟ್ಟಗಳನ್ನು ಹತ್ತುವವರು ಏರಿಕೆಯ ವಿವರವನ್ನು ಮೊದಲೇ ಸಲ್ಲಿಸಬೇಕೆಂದು ಕಟ್ಟಳೆ ಮಾಡಿದರು. ನಮ್ಮ ಗುಡ್ಡದ ಬುಡದಲ್ಲಿ ಹೆಸರು ಬರೆಯುವ ಪುಸ್ತಕವಿರಲಾರದು. ಆದುದರಿಂದ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಪಕ್ಕದಲ್ಲಿ ಬೆಟ್ಟದ ಹೆಸರು, ಜೊತೆಗಾರರ ಹೆಸರು, ಮರಳುವ ಗಂಟೆ ಇವನ್ನು ಬರೆದು ಹೊರಡಿರಿ. ಆ ಗಂಟೆ ಮೀರಿ ಮಕ್ಕಳು ಬಾರದಿದ್ದರೆ ತಂದೆತಾಯಿಗಳು ಬೆಳಗಿನವರೆಗೆ ಕಾಯದೆ 112ಕ್ಕೆ ಕರೆ ಮಾಡಬೇಕು.